ಪ್ರಿ ಆರ್ಸ್ ಎಲೆಕ್ಟ್ರಾನಿಕಾ: ತಂತ್ರಜ್ಞಾನದ ಕಲೆಗೊಂದು ಒರೆಗಲ್ಲು

ತಂತ್ರಜ್ಞಾನವನ್ನೇ ಮಾಧ್ಯಮವಾಗಿಸಿಕೊಂಡ ಕಲೆಗೆ ಮೀಸಲಾದ ಅಂತರರಾಷ್ಟ್ರೀಯ ಪ್ರಶಸ್ತಿಗಳು ಇಂದು ಹಲವಿವೆ. ಅವುಗಳಲ್ಲಿ ಹಿರಿತನದ ಗೌರವ ಸಲ್ಲುವುದು ಆಸ್ಟ್ರಿಯಾದ ಲಿಂಟ್ಸ್ ನಗರದ ಪ್ರಿ ಆರ್ಸ್ ಎಲೆಕ್ಟ್ರಾನಿಕಾಗೆ. ಆರ್ಸ್ ಎಲೆಕ್ಟ್ರಾನಿಕಾ ಉತ್ಸವ ಆರಂಭವಾದದ್ದು 1979ರಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಹಾನೆಸ್ ಲಿಯೋಪೋಲ್ಡ್‌ಸೆಡರ್ ಅವರ ಮುತುವರ್ಜಿಯಿಂದ, ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಓಆರ್‌ಎಫ್‌ನ ಆಶ್ರಯದಲ್ಲಿ 1987ರಲ್ಲಿ ಪ್ರಶಸ್ತಿಯೂ ಜೊತೆಗೂಡಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಆಯ್ಕೆಯಲ್ಲಿ ತೋರುವ ಧೈರ್ಯದ ವಿಷಯದಲ್ಲಿ ಇದಕ್ಕೆ ಸಾಟಿಯಾಗುವ ಪ್ರಶಸ್ತಿ ಈ ಕ್ಷೇತ್ರದಲ್ಲಿಲ್ಲ. ಆದರೆ ಕೃತಿಯನ್ನು ತೂಗಿ ನೋಡುವ ವಿಧಾನದಲ್ಲಿ ಮಾತ್ರ ಅದು ಇನ್ನೂ ಪರದೆಯ ಆಚೆಗೆ ಹೋಗಿಲ್ಲ.

ಪ್ರಶಸ್ತಿಯ ಕೊಡುಗೆಗಳ ವಿಚಾರವನ್ನು ಬೇಗ ಮುಗಿಸಬಹುದು. ಪ್ರತಿ ವಿಭಾಗದ ಅತ್ಯುನ್ನತ ಗೌರವ ಗೋಲ್ಡನ್ ನಿಕಾ. ಇದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ರೆಕ್ಕೆಯುಳ್ಳ ಮತ್ತು ತಲೆಯಿಲ್ಲದ ಸಮೊಥ್ರೇಸ್‌ನ ವಿಜಯದೇವತೆಯ ಪುಟ್ಟ ಹೊನ್ನಬಣ್ಣದ ಪ್ರತಿಕೃತಿ. ಅದರೊಂದಿಗೆ 10,000 ಯೂರೋವರೆಗಿನ ಮೊತ್ತ ಸಿಗುತ್ತದೆ. ಅದರ ಕೆಳಗಿನ ಹಂತದಲ್ಲಿ ವಿಶೇಷ ಮನ್ನಣೆಗಳು, ಅದಕ್ಕೂ ಕೆಳಗೆ ಗೌರವ ಉಲ್ಲೇಖಗಳು ಇವೆ. ಬ್ಯಾಕ್ಟೀರಿಯಾಗಳನ್ನು ಸಾಕಬೇಕಾದ ಅಥವಾ ಹತ್ತಾರು ಪ್ರೊಜೆಕ್ಟರ್‌ಗಳು ಬೇಕಾದ ಕೃತಿಯೊಂದರ ವೆಚ್ಚದ ಮುಂದೆ ಈ ಮೊತ್ತ ದೊಡ್ಡದೇನಲ್ಲ. ಇದೇ ಸಂಸ್ಥೆ ಯೂರೋಪಿಯನ್ ಆಯೋಗದ ಪರವಾಗಿ ನಡೆಸುವ, 2016ರಲ್ಲಿ ಆರಂಭವಾದ ಸ್ಟಾರ್ಟ್ಸ್ ಪ್ರಶಸ್ತಿಯ ಮುಖ್ಯ ಬಹುಮಾನಗಳು ತಲಾ 20,000 ಯೂರೋಗಳಷ್ಟಿದ್ದವು ಎಂಬುದನ್ನು ಗಮನಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಕೃತಿಯನ್ನು ಸಲ್ಲಿಸಲು ಇಲ್ಲಿ ಶುಲ್ಕವಿಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಆರಂಭವಾದ ಲೂಮೆನ್ ಪ್ರಶಸ್ತಿಗೆ ಪ್ರವೇಶ ಶುಲ್ಕ ತೆರಬೇಕು. ಹತ್ತು ಕಡೆ ಅರ್ಜಿ ಹಾಕಿ ಒಂದು ಕಡೆಯಾದರೂ ಉತ್ತರ ಬರಲಿ ಎಂದು ಕಾಯುವ ಕಲಾವಿದರಿಗೆ ಈ ವ್ಯತ್ಯಾಸ ಸಣ್ಣದೇನಲ್ಲ.

ಯಾವುದೇ ಪ್ರಶಸ್ತಿಯ ಯೋಗ್ಯತೆ ತಿಳಿಯುವುದು ಪುತ್ಥಳಿಯಿಂದಲ್ಲ, ಅದು ಯಾರನ್ನು ಆರಿಸಿತು ಮತ್ತು ಆ ಆಯ್ಕೆ ಕಾಲಕ್ರಮದಲ್ಲಿ ಎಷ್ಟು ಗಟ್ಟಿಯಾಗಿ ನಿಂತಿತು ಎಂಬುದರಿಂದ. ಮೊದಲ ವರ್ಷ ಇದ್ದ ವಿಭಾಗಗಳು ಮೂರು: ಕಂಪ್ಯೂಟರ್ ಗ್ರಾಫಿಕ್ಸ್, ಕಂಪ್ಯೂಟರ್ ಅನಿಮೇಷನ್ ಮತ್ತು ಕಂಪ್ಯೂಟರ್ ಸಂಗೀತ. ಅನಿಮೇಷನ್ ವಿಭಾಗದಲ್ಲಿ ಗೆದ್ದದ್ದು, ಎರಡು ಮೇಜುದೀಪಗಳು ಮತ್ತು ಆಟದ ಚೆಂಡುಗಳನ್ನು ಬಿಟ್ಟರೆ ಬೇರೇನೂ ಇಲ್ಲದ, ಜಾನ್ ಲ್ಯಾಸೆಟರ್ ಅವರ ಎರಡೇ ನಿಮಿಷಗಳ 'ಲುಕ್ಸೊ ಜೂನಿಯರ್'. ಅದನ್ನು ತಯಾರಿಸಿದ ಅನಿಮೇಷನ್ ಸಂಸ್ಥೆ ಪಿಕ್ಸಾರ್‌ನ ಹೆಸರು ಮನೆಮಾತಾಗಲು ಆಗಿನ್ನೂ ವರ್ಷಗಳೇ ಬಾಕಿ ಇದ್ದವು. 1990ರಲ್ಲಿ ಸಂವಾದಾತ್ಮಕ ಕಲೆಗೆಂದು ಹೊಸ ವಿಭಾಗ ತೆರೆದು, ನೋಡುಗರ ನೆರಳುರೂಪವನ್ನು ಕ್ಯಾಮೆರಾದಿಂದ ಹಿಡಿದು ಪರದೆಯ ಮೇಲಿನ ಆಕೃತಿಗಳೊಡನೆ ಆಟಕ್ಕೆ ಬಿಡುವ ಮೈರನ್ ಕ್ರೂಗರ್ ಅವರ 'ವಿಡಿಯೋಪ್ಲೇಸ್'ಗೆ ಗೋಲ್ಡನ್ ನಿಕಾ ನೀಡಲಾಯಿತು. ಮೈಯ ಚಲನೆಯಿಂದಲೇ ಕಂಪ್ಯೂಟರನ್ನು ಆಡಿಸುವುದು ಈಗ ಮಕ್ಕಳ ಆಟವಾಗಿದೆ; ಆಗ ಅದನ್ನು ಕಲೆ ಎಂದು ಗುರುತಿಸಲು ಕಣ್ಣು ಬೇಕಿತ್ತು.

ಹೆಚ್ಚು ಚರ್ಚೆಗೆ ಆಸ್ಪದ ಕೊಟ್ಟದ್ದು 1999ರ ತೀರ್ಪು. ಅಂತರ್ಜಾಲ ಕೃತಿಗಳಿಗೆಂದು ಇದ್ದ ವಿಭಾಗದಲ್ಲಿ ತೀರ್ಪುಗಾರರು ಲೈನಸ್ ಟೋರ್ವಾಲ್ಡ್ಸ್ ಅವರ ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಆರಿಸಿದರು. ಚಿತ್ರವಿಲ್ಲ, ದನಿಯಿಲ್ಲ, ಗೋಡೆಗೆ ತೂಗುಹಾಕುವಂಥದ್ದು ಏನೂ ಇಲ್ಲ. ಇರುವುದು ಸಾವಿರಾರು ಮಂದಿ ಕೂಡಿ ಬರೆದ ಸಾಫ್ಟ್‌ವೇರ್ ಮಾತ್ರ. ಸಾಫ್ಟ್‌ವೇರಿನ ಮೂಲಸಂಕೇತವೇ (ಸೋರ್ಸ್ ಕೋಡ್) ಕಲಾಕೃತಿಯಾಗಬಲ್ಲದೇ ಎಂಬ ವಾದವನ್ನು ಆ ತೀರ್ಪು ಬೇಕೆಂದೇ ಎಬ್ಬಿಸಿತು. ಲಿನಕ್ಸನ್ನು ಕಲೆ ಎಂದು ಕರೆಯಲು ನಾನು ಈಗಲೂ ಸಿದ್ಧನಿಲ್ಲ, ಆದರೂ ಆ ತೀರ್ಪು ಸರಿಯಾಗಿತ್ತು ಎಂದೇ ಭಾವಿಸುತ್ತೇನೆ: ಸಾಧನವನ್ನು ಯಾರು ಮಾಡುತ್ತಾರೆ, ಅದು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಆ ಸಾಧನದಿಂದ ಹುಟ್ಟಿದ ಕಲೆಯನ್ನು ಮಾತ್ರ ಹೊಗಳುವುದು ಅರ್ಧ ಕೆಲಸ. 2004ರಲ್ಲಿ ಡಿಜಿಟಲ್ ಸಮುದಾಯಗಳಿಗೆಂದು ಪ್ರತ್ಯೇಕ ವಿಭಾಗವನ್ನೇ ತೆರೆದು, ಅದೇ ವರ್ಷ ವಿಕಿಪೀಡಿಯಾವನ್ನೂ ಗೌರವಿಸಿದ್ದು ಈ ದಾರಿಯ ಮುಂದಿನ ಹೆಜ್ಜೆ.

ಅಲ್ಲಿಂದೀಚೆಗಿನ ಆಯ್ಕೆಗಳಲ್ಲಿ, ಯಂತ್ರ ಏನು ಮಾಡಬಲ್ಲದು ಎಂಬ ಬೆರಗು ಹಿಂದೆ ಸರಿದು, ಯಂತ್ರ ಮನುಷ್ಯರಿಗೆ ಏನು ಮಾಡುತ್ತಿದೆ ಎಂಬ ವಿಚಾರಣೆ ಮುಂದೆ ಬಂದಿರುವುದನ್ನು ಕಾಣಬಹುದು. 2010ರಲ್ಲಿ ಗೆದ್ದ 'ಐರೈಟರ್', ಎಎಲ್‌ಎಸ್ ಕಾಯಿಲೆಯಿಂದ ದೇಹದ ಚಲನೆ ಕಳೆದುಕೊಂಡ ಗೋಡೆಬರಹ ಕಲಾವಿದರೊಬ್ಬರು ಕಣ್ಣಿನ ಚಲನೆಯಿಂದಲೇ ಮತ್ತೆ ಚಿತ್ರ ಬರೆಯುವಂತೆ ಮಾಡಿದ ಕನ್ನಡಕ; ಅದನ್ನು ಕಡಿಮೆ ಬೆಲೆಯ ಬಿಡಿಭಾಗಗಳಿಂದ ಯಾರು ಬೇಕಾದರೂ ಮಾಡಿಕೊಳ್ಳಲು ಅನುವಾಗುವಂತೆ ವಿವರಗಳನ್ನೆಲ್ಲ ಮುಕ್ತವಾಗಿ ಪ್ರಕಟಿಸಲಾಯಿತು. 2020ರ ವಿಜೇತೆ ಲಾರೆನ್ ಲೀ ಮೆಕಾರ್ಥಿ ಅವರ 'ಸಮ್‌ಒನ್' ಇದಕ್ಕೆ ತದ್ವಿರುದ್ಧ ದಿಕ್ಕಿನದು. ಅಮೆರಿಕದ ನಾಲ್ಕು ಮನೆಗಳಲ್ಲಿ ಕ್ಯಾಮೆರಾ, ಮೈಕ್ರೊಫೋನ್ ಮತ್ತು ದೂರದಿಂದ ನಿಯಂತ್ರಿಸಬಹುದಾದ ದೀಪಗಳನ್ನು ಅಳವಡಿಸಿ, ನ್ಯೂಯಾರ್ಕಿನ ಗ್ಯಾಲರಿಗೆ ಬಂದವರು ಲ್ಯಾಪ್‌ಟಾಪ್ ಮುಂದೆ ಕುಳಿತು ಆ ಮನೆಗಳ ಒಳಗನ್ನು ನೋಡುತ್ತ, ಮನೆಯವರು ಕರೆದಾಗ ಅಲೆಕ್ಸಾದ ಜಾಗದಲ್ಲಿ ತಾವೇ ಓಗೊಡುವಂತೆ ಅದನ್ನು ರೂಪಿಸಲಾಗಿತ್ತು. ನಿಗಾ ಇಡುವ ಸಾಧನ ಮನೆಯೊಳಗೆ ಸೇವಕನ ವೇಷದಲ್ಲಿ ಬರುತ್ತದೆ ಎಂಬುದನ್ನು ಹತ್ತು ಲೇಖನಗಳಿಗಿಂತ ಈ ಕೃತಿ ಚೆನ್ನಾಗಿ ಹೇಳಿದೆ.

ಪಾಲ್ ವನೂಸ್ ಅವರ 'ಲೇಬರ್' ಕೃತಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 2019ರಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಜೀವಕಲೆಯ (ಜೀವಿಗಳನ್ನೇ ಮಾಧ್ಯಮವಾಗಿಸಿಕೊಂಡ ಕಲೆಯ) ವಿಭಾಗದಲ್ಲಿ ಗೋಲ್ಡನ್ ನಿಕಾ ಪಡೆದ ಈ ಕೃತಿಯಲ್ಲಿ ಮನುಷ್ಯರೇ ಇಲ್ಲ. ಮನುಷ್ಯನ ಚರ್ಮದ ಮೇಲೆ ಬದುಕುವ ಮೂರು ಬಗೆಯ ಬ್ಯಾಕ್ಟೀರಿಯಾಗಳನ್ನು ಮೂರು ಪ್ರತ್ಯೇಕ ಪಾತ್ರೆಗಳಲ್ಲಿ ಬೆಳೆಸಲಾಗುತ್ತದೆ. ಅವುಗಳಿಂದ ಹೊಮ್ಮುವ ವಾಸನೆಗಳು ನಡುವಿನ ಗಾಜಿನ ಗೂಡಿನಲ್ಲಿ ಬೆರೆತು ಅಲ್ಲಿರುವ ಬಿಳಿಯ ಟೀಶರ್ಟಿಗೆ ಹತ್ತಿಕೊಳ್ಳುತ್ತವೆ. ಸಭಾಂಗಣದಲ್ಲಿ ದುಡಿದು ದಣಿದವರ ಬೆವರಿನ ವಾಸನೆ ಹರಡುತ್ತದೆ, ದುಡಿದವರು ಮಾತ್ರ ಎಲ್ಲೂ ಕಾಣರು. ಕಾರ್ಮಿಕರನ್ನು ತೆಗೆದು ಸೂಕ್ಷ್ಮಜೀವಿಗಳನ್ನು ದುಡಿಮೆಗೆ ಹಚ್ಚಿರುವ ಕಾಲದ ಬಗೆಗೆ ಇಷ್ಟು ನೇರವಾದ, ಘೋಷಣೆಯ ಸೋಂಕಿಲ್ಲದ ಕೃತಿಯನ್ನು ಹುಡುಕಿ ಗುರುತಿಸಿದ ತೀರ್ಪುಗಾರರಿಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ನನ್ನ ತಕರಾರು ಮೊದಲಾಗುವುದೂ ಇದೇ ಕೃತಿಯಿಂದ. ಸಲ್ಲಿಕೆಗಳೆಲ್ಲ ಬರಹ, ಚಿತ್ರ ಮತ್ತು ವಿಡಿಯೋಗಳ ರೂಪದಲ್ಲಿ ಅಂತರ್ಜಾಲದ ಮೂಲಕ ಬರುತ್ತವೆ. ವಸಂತದಲ್ಲಿ ಲಿಂಟ್ಸ್‌ನಲ್ಲಿ ಸೇರುವ ತೀರ್ಪುಗಾರರು ಕೆಲವೇ ದಿನಗಳಲ್ಲಿ ಆ ರಾಶಿಯನ್ನು ಜರಡಿ ಹಿಡಿಯಬೇಕು. ವಾಸನೆಯನ್ನು ವಿಡಿಯೋದಲ್ಲಿ ತುಂಬಲಾಗದು. ಗೋಡೆಯ ಕಂಪನವನ್ನೋ, ಕತ್ತಲ ಕೋಣೆಯಲ್ಲಿ ಅರ್ಧ ಗಂಟೆ ಕುಳಿತಾಗ ಆಗುವ ಅನುಭವವನ್ನೋ ಕಳುಹಿಸಲಾಗದು. ಪರಿಣಾಮವಾಗಿ, ಒಳ್ಳೆಯ ಕೃತಿಯ ಜೊತೆಗೆ ಒಳ್ಳೆಯ ಛಾಯಾಗ್ರಾಹಕ, ಚುರುಕಾದ ಸಂಕಲನ ಮತ್ತು ನಿರರ್ಗಳವಾದ ಇಂಗ್ಲಿಷ್ ಟಿಪ್ಪಣಿ ಇದ್ದವರಿಗೆ ಸಹಜವಾಗಿಯೇ ಮೇಲುಗೈಯಾಗುತ್ತದೆ. ಶುಲ್ಕವಿಲ್ಲದೆ ತೆರೆದಿಟ್ಟ ಬಾಗಿಲು ಇಲ್ಲಿ ಸ್ವಲ್ಪ ಕಿರಿದಾಗುತ್ತದೆ. ಕೊನೆಯ ಸುತ್ತಿಗೆ ಉಳಿದ ಕೆಲವು ಕೃತಿಗಳನ್ನಾದರೂ ಪ್ರತ್ಯಕ್ಷ ನೋಡುವ ಏರ್ಪಾಡು ದುಬಾರಿಯಾದೀತು, ನಿಜ. ಆದರೆ ಇಷ್ಟು ವರ್ಷಗಳ ಹೆಸರುಳ್ಳ ಸಂಸ್ಥೆ ಅದರತ್ತ ಯೋಚಿಸದಿರುವುದಕ್ಕೆ ವೆಚ್ಚವೊಂದೇ ಸಮಜಾಯಿಷಿಯಾಗಲಾರದು.

ಎರಡನೆಯ ತೊಡಕು ವಿಭಾಗಗಳದು. ಕಾಲಕ್ಕೆ ತಕ್ಕಂತೆ ಅವುಗಳನ್ನು ಬದಲಿಸುವುದು ಒಳ್ಳೆಯದೇ. ಕಂಪ್ಯೂಟರ್ ಅನಿಮೇಷನ್ ಎಂಬ ಹಳೆಯ ವಿಭಾಗ 2023ರಲ್ಲಿ ಹೊಸ ಅನಿಮೇಷನ್ ಕಲೆ ಎಂದಾದದ್ದು, ಕಂಪ್ಯೂಟರ್ ಇಲ್ಲದ ಅನಿಮೇಷನ್ನೇ ಅಪರೂಪವಾದ ಈ ದಿನಗಳಿಗೆ ಒಪ್ಪುವ ಮಾತು. ಆದರೆ ಕೆಲವು ವಿಭಾಗಗಳು ಸರದಿಯಂತೆ ವರ್ಷ ಬಿಟ್ಟು ವರ್ಷ ಬರುತ್ತವೆ. ಸಂವಾದಾತ್ಮಕ ಕೃತಿಯೊಂದು ತಪ್ಪು ವರ್ಷದಲ್ಲಿ ಮುಗಿದರೆ ಅದರ ಕರ್ತೃ ಮುಂದಿನ ಸರದಿಗೆ ಕಾಯಬೇಕು, ಇಲ್ಲವೇ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಹೊಂದುವಂತೆ ಟಿಪ್ಪಣಿಯನ್ನು ತಿರುಚಿ ಬರೆಯಬೇಕು. ಎರಡನೆಯದೇ ಹೆಚ್ಚು ನಡೆಯುತ್ತಿರಬಹುದು ಎಂಬ ಗುಮಾನಿ ನನಗಿದೆ.

ನೋಡುಗರಿಗೆ ಮತ್ತು ವಿದ್ಯಾರ್ಥಿಗಳಿಗೆ ಈ ಪ್ರಶಸ್ತಿಯ ದೊಡ್ಡ ಕೊಡುಗೆ ಅದರ ದಾಖಲೆ ಸಂಗ್ರಹ. 1987ರಿಂದ ಈಚಿನ ವಿಜೇತರ ವಿವರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ತೀರ್ಪುಗಾರರು ತಮ್ಮ ಆಯ್ಕೆಗೆ ಕಾರಣ ಕೊಟ್ಟು ಬರೆಯುವ ಹೇಳಿಕೆಗಳೂ ಪ್ರಕಟವಾಗುತ್ತವೆ; ಏಕೆ ಕೊಟ್ಟೆವು ಎಂದು ಹೇಳುವ ಗೊಡವೆಗೆ ಹೋಗದ ಪ್ರಶಸ್ತಿಗಳ ನಡುವೆ ಇದು ಪ್ರಶಂಸನೀಯ. ಬರಹದ ಶೈಲಿ ಮಾತ್ರ ಆಗಾಗ ಸಿದ್ಧಾಂತಗಳ ಭಾರಕ್ಕೆ ಕುಸಿಯುತ್ತದೆ. ಹಳೆಯ ಅಂತರ್ಜಾಲ ಕೃತಿಗಳ ವಿಷಯದಲ್ಲಿ ಇನ್ನೊಂದು ಕೊರತೆಯಿದೆ: ಪುಟದ ಮೇಲೆ ವರ್ಣನೆ ಉಳಿದಿದ್ದರೂ ಕೃತಿ ಇಂದಿನ ಬ್ರೌಸರಿನಲ್ಲಿ ತೆರೆದುಕೊಳ್ಳದೆ ಹೋಗುವುದುಂಟು.

ಸಲ್ಲಿಸಲು ಯೋಚಿಸುತ್ತಿರುವವರಿಗೆ ನನ್ನ ಸಲಹೆ ಇಷ್ಟೇ. ಆ ವರ್ಷ ಯಾವ ವಿಭಾಗಗಳು ತೆರೆದಿವೆ ಎಂಬುದನ್ನು ಮೊದಲು ನೋಡಿ, ನಿಮ್ಮ ವಿಭಾಗದ ಹಿಂದಿನ ಎರಡು ಮೂರು ಸರದಿಗಳ ತೀರ್ಪು ಹೇಳಿಕೆಗಳನ್ನು ಓದಿ, ಆಮೇಲೆ ವಿಡಿಯೋಗೆ ಕೈ ಹಾಕುವುದು ಒಳಿತು. ಸಂಗೀತ ತುಂಬಿದ ಚುರುಕು ತುಣುಕಿನ ಜೊತೆಗೆ, ಒಬ್ಬ ನೋಡುಗ ಕೃತಿಯ ಮುಂದೆ ಬಂದು, ಏನು ಮಾಡಬೇಕೆಂದು ತಿಳಿಯದೆ ತಡವರಿಸಿ, ಕೊನೆಗೆ ಅದರೊಡನೆ ತೊಡಗುವುದನ್ನು ಕತ್ತರಿ ಹಾಕದೆ ಒಂದೇ ಓಟದಲ್ಲಿ ಚಿತ್ರಿಸಿ ಕಳುಹಿಸಿ; ಕೃತಿಯನ್ನು ಕಣ್ಣಾರೆ ನೋಡದೆ ತೀರ್ಪು ಕೊಡಬೇಕಾದವರಿಗೆ ಅದಕ್ಕಿಂತ ಹೆಚ್ಚು ನೆರವಾಗುವ ದಾಖಲೆ ಬೇರೊಂದಿಲ್ಲ.