‘ಲವ್’ಗೆ ಪ್ರಾಸ ಹುಡುಕೋದು: ಪುಸ್ತಕ, ರೈಮ್‌ಝೋನ್, ಎಐ ಮತ್ತು ನಮ್ಮ ವರ್ಣಮಾಲೆ

ಇಂಗ್ಲಿಷಿನಲ್ಲಿ ಹಾಡು ಬರೆಯುವವರಿಗೆ ‘ಲವ್’ ಇಲ್ಲದೆ ನಡೆಯುವುದಿಲ್ಲ. ಆದರೆ ಪ್ರಾಸದ ವಿಷಯಕ್ಕೆ ಬಂದರೆ ಅದರಷ್ಟು ಬಡಪಾಯಿ ಪದ ಇನ್ನೊಂದು ಸಿಗುವುದು ಕಷ್ಟ. ಸ್ವರ, ಕೊನೆಯ ವ್ಯಂಜನ ಎರಡೂ ಕೂಡುವ ಪಕ್ಕಾ ಪ್ರಾಸಗಳಲ್ಲಿ ಬಳಕೆಯಲ್ಲಿರುವುದು ಡವ್, ಗ್ಲವ್, ಶವ್, ಅಬವ್. ಅಮೆರಿಕದವರು ‘ಆಫ್’ (of) ಅನ್ನೋದನ್ನೂ ‘ಅವ್’ ಎಂದೇ ಹೇಳುವುದರಿಂದ ಅವರಿಗೆ ಇನ್ನೊಂದು ಜಾಸ್ತಿ. ಟರ್ಟಲ್‌ಡವ್, ಫಾಕ್ಸ್‌ಗ್ಲವ್ ಅಂತ ಎಳೆದರೂ ಒಳಗಿರುವುದು ಅದೇ ಡವ್, ಅದೇ ಗ್ಲವ್.

ಇಷ್ಟರಲ್ಲಿ ಏನು ಹೇಳಲು ಸಾಧ್ಯ? ಪಾರಿವಾಳ ಹಾರಿಸಬಹುದು, ಆಕಾಶ ತೋರಿಸಬಹುದು. ಗ್ಲವ್ ಅಂದರೆ ನಮ್ಮ ಕಡೆ ವಿಕೆಟ್ ಕೀಪರು, ಬೈಕಿನವರು ನೆನಪಾಗುತ್ತಾರೆ, ಪ್ರೇಮಿಗಳಲ್ಲ. ಸ್ವಲ್ಪ ಜೀವ ಇರುವುದು ‘ಶವ್’ಗೆ ಮಾತ್ರ. ಅದು ತಳ್ಳಾಟದ ಪದ, ಜಗಳದ ಹಾಡಿಗೆ ಚೆನ್ನ.

ಗೆಳೆಯನೊಬ್ಬನ ಬ್ಯಾಂಡಿಗೆ ನಾನು ಇಂಗ್ಲಿಷ್ ಸಾಲು ಬರೆದುಕೊಡುತ್ತೇನೆ. ಬೆಂಗಳೂರಿನ ಸಣ್ಣ ಬ್ಯಾಂಡು, ಕನ್ನಡ ಇಂಗ್ಲಿಷ್ ಎರಡನ್ನೂ ಬೆರೆಸಿ ಹಾಡುತ್ತಾರೆ. ಪಲ್ಲವಿಯ ಕೊನೆಗೆ ‘ಲವ್’ ಬರಲೇಬೇಕು ಅಂತ ಹಾಡುವವನ ಹಟ. ಸರಿ ಅಂತ ಪ್ರಾಸ ಹುಡುಕುವ ದಾರಿಗಳನ್ನೆಲ್ಲ ಇದೊಂದೇ ಪದದ ಮೇಲೆ ಪ್ರಯೋಗ ಮಾಡಿದೆ. ಟೈಮ್, ಡೇ, ನೈಟ್ ತರಹದ ಪದಕ್ಕೆ ಯಾವ ಸಾಧನವಾದರೂ ರಾಶಿ ಸುರಿಯುತ್ತದೆ. ಯಾರ ಹತ್ತಿರ ನಿಜವಾಗಿ ಸರಕಿದೆ ಅಂತ ಗೊತ್ತಾಗುವುದು ಇಂಥ ಬಡ ಪದದಲ್ಲೇ.

ಮೊದಲು ಬಿಟ್ಟಿ ದಾರಿ. ಎ, ಬಿ, ಸಿ ಅಂತ ಒಂದೊಂದೇ ಅಕ್ಷರ ಮುಂದಿಟ್ಟು ಬಾಯಲ್ಲಿ ಹೇಳಿ ನೋಡುವುದು: ಬವ್, ಕವ್, ಡವ್. ಗ್ಲ, ಶ ಇಂಥವನ್ನೂ ಸೇರಿಸಿಕೊಂಡರೆ ಪಕ್ಕಾ ಪ್ರಾಸಗಳೆಲ್ಲ ಎರಡು ನಿಮಿಷದಲ್ಲಿ ಸಿಕ್ಕಿಬಿಡುತ್ತವೆ. ಅಬವ್ ಒಂದು ತಪ್ಪಿಸಿಕೊಳ್ಳಬಹುದು, ಯಾಕೆಂದರೆ ಅದರ ಮುಂದೆ ಇನ್ನೊಂದು ಸ್ವರ ಇದೆ. ಪಕ್ಕಾ ಪ್ರಾಸ ಮಾತ್ರ ಬೇಕು ಅನ್ನುವವರಿಗೆ ಇದರ ಮೇಲೆ ಏನೂ ಬೇಕಾಗಿಲ್ಲ.

ಎರಡನೆಯದು ಪುಸ್ತಕ. ಪ್ರಾಸದ ನಿಘಂಟುಗಳಲ್ಲಿ ಎರಡು ಜಾತಿ. ಒಂದು, ಜಾನ್ ವಾಕರ್ 1775ರಲ್ಲಿ ಲಂಡನ್ನಿನಲ್ಲಿ ಹೊರತಂದ ಮಾದರಿ. ಅದರಲ್ಲಿ ಪದಗಳನ್ನು ಕಾಗುಣಿತದ ಬಾಲದಿಂದ ಜೋಡಿಸಿದ್ದಾರೆ, ಅಂದರೆ ಕೊನೆಯ ಅಕ್ಷರದಿಂದ ಹಿಂದಕ್ಕೆ. ಹಾಗಾಗಿ ಲವ್, ಡವ್ ಪಕ್ಕದಲ್ಲೇ ಮೂವ್, ಪ್ರೂವ್, ಕೋವ್, ಸ್ಟೋವ್ ಎಲ್ಲ ಬಂದು ಕೂರುತ್ತವೆ. ಬರೆಯುವಾಗ ಎಲ್ಲರ ಬಾಲವೂ ಒಂದೇ, ಹೇಳುವಾಗ ಮೂರು ಬೇರೆ ಬೇರೆ ಸ್ವರ. ವಾಕರ್‌ಗೆ ಇದು ಗೊತ್ತಿಲ್ಲದೆ ಏನಿಲ್ಲ. ‘ಒಪ್ಪಬಹುದಾದ’ ಪ್ರಾಸಗಳು ಅಂತ ಬೇರೆಯೇ ಒಂದು ಪಟ್ಟಿ ಕೊಟ್ಟಿದ್ದಾನೆ. ಹತ್ತಿರದ ಪ್ರಾಸ, ಅಂದರೆ ಪೂರ್ತಿ ಕೂಡದೆ ಹತ್ತಿರಕ್ಕೆ ಬರುವ ಪ್ರಾಸ, ಇವತ್ತಿನ ಪಾಪ್ ಹಾಡಿನವರ ಸೋಮಾರಿತನ ಅನ್ನುವವರು ಆ ಪಟ್ಟಿ ನೋಡಬೇಕು.

ಈ ಗೋಜಲು ‘ಲವ್’ಗೆ ಬಂದಿದ್ದು ಕೈಬರಹದ ಕಾಲದಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಅದು ‘ಲುಫು’. ಆಮೇಲೆ ಯು ಮತ್ತು ವಿ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತಿದ್ದರು. ಅವು ಪಕ್ಕಪಕ್ಕ ಬಂದರೆ ಬರೀ ಗೀಟುಗಳ ಸಾಲು ಕಾಣುತ್ತದೆ, ಓದಲು ಆಗುವುದಿಲ್ಲ. ಅದಕ್ಕೇ ನಕಲು ಮಾಡುವವರು ಯು ಜಾಗದಲ್ಲಿ ಓ ಹಾಕಿದರು. ಪದ ಕಣ್ಣಿಗೆ ‘ಮೂವ್’ ನೆಂಟ, ಕಿವಿಗೆ ‘ಕಪ್’ ನೆಂಟ ಆಗಿಬಿಟ್ಟಿತು. ಷೇಕ್ಸ್‌ಪಿಯರ್ ಕಾಲದ ಕವಿಗಳು ಲವ್ ಮತ್ತು ಪ್ರೂವ್ ಜೋಡಿಸಿದ್ದು ಇಂಗ್ಲಿಷ್ ಓದಿದವರಿಗೆಲ್ಲ ಗೊತ್ತು. ಆಗ ಆ ಎರಡರ ಉಚ್ಚಾರ ಈಗಿನಷ್ಟು ದೂರ ಇರಲಿಲ್ಲ ಅನ್ನುವ ವಾದವೂ ಇದೆ. ಇವತ್ತು ಮೈಕಿನ ಮುಂದೆ ಹಾಡಿದರೆ ಮಾತ್ರ ಅದು ಕೂಡುವುದಿಲ್ಲ.

ಇನ್ನೊಂದು ಜಾತಿಯ ಪುಸ್ತಕ ಸದ್ದಿನ ಪ್ರಕಾರ ಜೋಡಿಸಿದ್ದು. ಅಮೆರಿಕದ ಕ್ಲೆಮೆಂಟ್ ವುಡ್ 1936ರಲ್ಲಿ ತಂದ ನಿಘಂಟು ಈ ಬಗೆಯದು. ಹಳೇ ಪುಸ್ತಕದ ಅಂಗಡಿಗಳಲ್ಲಿ ಇಂಥವು ಆಗಾಗ ಕಣ್ಣಿಗೆ ಬೀಳುತ್ತವೆ, ಸಿಕ್ಕರೆ ಬಿಡಬೇಡಿ. ಒಂದಕ್ಷರದ ಪ್ರಾಸ, ಎರಡಕ್ಷರದ್ದು, ಮೂರಕ್ಷರದ್ದು ಅಂತ ಬೇರೆ ಬೇರೆ ಭಾಗ. ಪ್ರತಿ ಭಾಗದಲ್ಲೂ ಮೊದಲು ಸ್ವರ, ಅದರ ಕೆಳಗೆ ವ್ಯಂಜನ. ‘ಲವ್’ ಇರುವ ಗುಂಪು ತೀರಾ ಚಿಕ್ಕದು, ಕಣ್ಣು ಹಾಯಿಸಿದರೆ ಮುಗಿಯಿತು. ಆದರೆ ಒಂದೆರಡು ಹಾಳೆ ಹಿಂದೆ ಮುಂದೆ ಮಾಡಿದರೆ ಅದೇ ಸ್ವರದ ಬೇರೆ ಗುಂಪುಗಳು ಸಿಗುತ್ತವೆ: ಇನಫ್, ರಫ್, ಬ್ಲಡ್, ಕಮ್, ಸನ್. ಈ ಅಲೆದಾಟದಲ್ಲಿ ಹತ್ತಿರದ ಪ್ರಾಸಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಹುಡುಕಾಟದ ಡಬ್ಬಿಯಲ್ಲಿ ಪದ ಟೈಪ್ ಮಾಡಿದಾಗ ಈ ಸುಖ ಇಲ್ಲ.

ಆ ಡಬ್ಬಿಗಳೇ ಮೂರನೆಯ ದಾರಿ. ಎಲ್ಲರೂ ಬಳಸುವುದು ರೈಮ್‌ಝೋನ್ ಅನ್ನುವ ಜಾಲತಾಣ. 1996ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಪದ ಹಾಕಿದರೆ ಪ್ರಾಸಗಳನ್ನು ಉಚ್ಚಾರದ ತುಂಡುಗಳ ಲೆಕ್ಕದಲ್ಲಿ ವಿಂಗಡಿಸಿ ಕೊಡುತ್ತದೆ. ಹತ್ತಿರದ ಪ್ರಾಸಕ್ಕೆ ಬೇರೆ ಆಯ್ಕೆ ಇದೆ. ಒಂದಕ್ಷರದ್ದು ಬೇಕೋ ಎರಡಕ್ಷರದ್ದು ಬೇಕೋ ಅನ್ನುವುದು ಹಾಡಿನಲ್ಲಿ ತುಂಬಾ ಮುಖ್ಯ. ತಾಳಕ್ಕೆ ಕೂರದ ಪದ ಎಷ್ಟು ಚೆನ್ನಾಗಿದ್ದರೂ ದಂಡ. ಅವಸರದಲ್ಲಿದ್ದರೆ ನಾನು ಮೊದಲು ತೆರೆಯುವುದು ಇದನ್ನೇ.

ಬಳಸುವಾಗ ಒಂದು ವಿಷಯ ನೆನಪಿರಲಿ. ಇಂಥ ತಾಣಗಳ ಕಿವಿ ಅಮೆರಿಕದ್ದು. ‘ಆಫ್’ ಪದವನ್ನು ‘ಲವ್’ ಪಕ್ಕ ಕೂರಿಸುತ್ತವೆ. ಲಂಡನ್ನಿನವರ ಕಿವಿಗೆ ಅದು ಕೂಡುವುದಿಲ್ಲ, ನಮ್ಮವರಿಗೂ ಅಷ್ಟೇ. ಹಾಡುವವನು ‘ಆಫ್’ ಎಂದೇ ಹೇಳುತ್ತಾನೆ, ತಾಣ ಎಷ್ಟೇ ಖಾತ್ರಿ ಕೊಟ್ಟರೂ ಪ್ರಾಸ ಮುರಿಯುತ್ತದೆ. ಹಾಡುವವನ ಉಚ್ಚಾರ ಯಾವುದೋ ಪ್ರಾಸವೂ ಅದೇ, ಅಲ್ವಾ? ಎರಡಕ್ಷರಕ್ಕೆ ಹೋದರೆ ಈ ತೊಂದರೆ ಕಡಿಮೆ. ‘ಲವರ್’ ಅಂತ ಮಾಡಿಕೊಂಡರೆ ಕವರ್, ಡಿಸ್ಕವರ್, ರಿಕವರ್ ಎಲ್ಲ ಪಕ್ಕಾ ಪ್ರಾಸಗಳು. ಬ್ರದರ್, ಮದರ್, ಅದರ್ ಕೂಡ ಹತ್ತಿರಕ್ಕೆ ಬರುತ್ತವೆ. ಬಡವನಿಗೆ ಒಂದು ಬಾಲ ಅಂಟಿಸಿದರೆ ಸಾಕು, ಸಂಸಾರ ದೊಡ್ಡದಾಗುತ್ತದೆ.

ಸ್ವಲ್ಪ ಕೋಡಿಂಗ್ ಬರುವವರಿಗೆ ನಾಲ್ಕನೆಯ ದಾರಿ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರ ನಿಘಂಟು ಉಚಿತವಾಗಿ ಸಿಗುತ್ತದೆ. 1,34,000ಕ್ಕೂ ಹೆಚ್ಚು ಪದಗಳು, ಪ್ರತಿ ಪದದ ಉಚ್ಚಾರ 39 ಧ್ವನಿಗಳ ಸಂಕೇತದಲ್ಲಿ, ಒತ್ತು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ 0, 1, 2 ಗುರುತು. ಕೊನೆಯ ಒತ್ತಿನ ಸ್ವರದಿಂದ ಮುಂದಿನ ಭಾಗ ಹೋಲಿಸಿ ನೋಡುವ ಪೈಥಾನ್ ಕೋಡು ಹತ್ತು ಸಾಲಿನ ಒಳಗೆ ಮುಗಿಯುತ್ತದೆ. ಪಕ್ಕಾ ಪ್ರಾಸಕ್ಕೆ ಇಷ್ಟು ಕಷ್ಟ ಸುಮ್ನೆ ದಂಡ, ರೈಮ್‌ಝೋನ್ ಸಾಕು. ಇದರ ನಿಜವಾದ ಲಾಭ ಬೇರೆ: ಹತ್ತಿರ ಅಂದರೆ ಎಷ್ಟು ಹತ್ತಿರ ಅನ್ನುವುದನ್ನು ನೀವೇ ಹೇಳಬಹುದು. ಸ್ವರ ಅದೇ ಇರಲಿ, ಕೊನೆಗೆ ಇಂಥ ನಾಲ್ಕು ವ್ಯಂಜನಗಳಲ್ಲಿ ಒಂದು ಇರಲಿ ಅಂದರೆ ಅಷ್ಟನ್ನೇ ಕೊಡುತ್ತದೆ. ಅಮೆರಿಕದ ಮನೆತನದ ಹೆಸರುಗಳೂ ಬೇಕಾದಷ್ಟು ಸೇರಿರುವುದರಿಂದ ಜರಡಿ ಹಿಡಿಯಬೇಕು. ಕೋಡು ಇನ್ನೂ ಸಣ್ಣದಾಗಿರಲಿ, ಬೇರೆಯವರ ಸರ್ವರ್ ಬಳಸಿದರೂ ಸರಿ ಅನ್ನುವವರಿಗೆ ರೈಮ್‌ಝೋನ್ ಹಿಂದಿರುವ ಡೇಟಾಮ್ಯೂಸ್ ಸೇವೆ ಇದೆ. ಈ ಪದಕ್ಕೆ ಪ್ರಾಸವಾಗಬೇಕು, ಅರ್ಥದಲ್ಲಿ ಆ ವಿಷಯಕ್ಕೆ ಹತ್ತಿರ ಇರಬೇಕು ಅಂತ ಎರಡೂ ಷರತ್ತನ್ನು ಒಟ್ಟಿಗೆ ಹಾಕಬಹುದು.

ಈಗ ಎಐ. ಯಾವ ಚಾಟ್‌ಬಾಟ್ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ‘ಲವ್’ಗೆ ಪಕ್ಕಾ ಪ್ರಾಸ ಕೊಡು ಅಂದರೆ ಮೊದಲ ನಾಲ್ಕು ಸರಿಯಾಗಿ ಹೇಳಿತು. ಇನ್ನೂ ಬೇಕು ಅಂದಾಗ ಮೂವ್, ಪ್ರೂವ್ ತಂದಿಟ್ಟಿತು. ಅವು ಪಕ್ಕಾನಾ ಅಂತ ಕೇಳಿದರೆ ಕ್ಷಮೆ ಕೇಳಿ, ಮತ್ತೆ ಇನ್ನೊಂದು ಪಟ್ಟಿಯಲ್ಲಿ ಅವನ್ನೇ ನುಗ್ಗಿಸಿತು. ಕಾರಣ ಕಷ್ಟದ್ದೇನಲ್ಲ. ಅದು ಓದಿರುವುದು ಬರಹ, ಅಕ್ಷರದ ತುಂಡುಗಳು. ಬಾಯಿ ಕಿವಿ ಎರಡೂ ಇಲ್ಲ. 1775ರಲ್ಲಿ ವಾಕರ್ ಬೇಕೆಂದೇ ಮಾಡಿದ ಜೋಡಣೆಗೆ ಇದು ಗೊತ್ತಿಲ್ಲದೆ ಹೋಗಿ ಬೀಳುತ್ತದೆ. ಸಾಲು ಬರೆದುಕೊಡು ಅಂದರೆ ಇನ್ನೂ ಕಷ್ಟ: ಪ್ರತಿ ಸಲವೂ ‘ಅಬವ್’, ಪ್ರತಿ ಸಲವೂ ನಕ್ಷತ್ರ. ಆದರೆ ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪ್ರಾಸದ ಪದ ನಾನೇ ಆರಿಸಿ ಕೊಟ್ಟು, ಈ ಪದಕ್ಕೆ ಬಂದು ನಿಲ್ಲುವ ಸನ್ನಿವೇಶಗಳನ್ನು ಹೇಳು ಅಂದರೆ ಕೆಲವು ಕೆಲಸಕ್ಕೆ ಬರುತ್ತವೆ. ಪದ ಹುಡುಕಲು ಬೇಡ, ಪದ ಸಿಕ್ಕ ಮೇಲೆ ಹರಟೆಗೆ ಆಗಬಹುದು.

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ದಾರಿ ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ವರ್ಣಮಾಲೆ. ತಮಾಷೆ ಮಾಡುತ್ತಿಲ್ಲ. ಇಂಗ್ಲಿಷಿನ ಎಬಿಸಿಡಿಗೆ ಯಾವ ಕ್ರಮವೂ ಇಲ್ಲ, ಬಿ ಪಕ್ಕ ಸಿ ಯಾಕೆ ಇದೆ ಅಂದರೆ ಸದ್ದಿನಲ್ಲಿ ಉತ್ತರ ಸಿಗುವುದಿಲ್ಲ. ನಮ್ಮದರಲ್ಲಿ ಪ ಫ ಬ ಭ ಮ ಎಲ್ಲ ತುಟಿಯಲ್ಲಿ ಹುಟ್ಟುವವು, ತ ಥ ದ ಧ ನ ಹಲ್ಲಿನ ಹತ್ತಿರ. ಹತ್ತಿರದ ಪ್ರಾಸ ಬೇಕೆಂದರೆ ಸ್ವರ ಹಾಗೇ ಇಟ್ಟುಕೊಂಡು ಕೊನೆಯ ವ್ಯಂಜನವನ್ನು ಪಕ್ಕದ ಮನೆಗೆ ಸರಿಸಿದರೆ ಆಯಿತು. ನಮ್ಮ ಹಳೆಯ ಲಾಕ್ಷಣಿಕರು ವರ್ಗಪ್ರಾಸ, ಸಮೀಪಪ್ರಾಸ ಅಂತ ಇದಕ್ಕೆ ಹೆಸರನ್ನೂ ಇಟ್ಟಿದ್ದರು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಹಾಡು ಬರೆಯುವುದನ್ನು ಕಲಿಸಿದ ಪ್ಯಾಟ್ ಪ್ಯಾಟಿಸನ್ ‘ಫ್ಯಾಮಿಲಿ ರೈಮ್’ ಎನ್ನುವುದೂ ಹೆಚ್ಚುಕಡಿಮೆ ಇದೇ ವಿಚಾರ.

‘ಲವ್’ ಮೇಲೆ ಮಾಡಿ ನೋಡಿ. ಕೊನೆಯ ಸದ್ದು ಇಂಗ್ಲಿಷಿನ ವಿ: ಕೆಳತುಟಿ ಮೇಲಿನ ಹಲ್ಲಿಗೆ ತಾಗಿ, ಗಂಟಲು ಕಂಪಿಸುತ್ತಾ ಗಾಳಿ ಹೊರಡುತ್ತದೆ. ಕಂಪನ ತೆಗೆದರೆ ಅದೇ ಎಫ್ ಆಗುತ್ತದೆ. ಹಾಗಾಗಿ ಇನಫ್, ಟಫ್, ರಫ್, ಸ್ಟಫ್, ಬ್ಲಫ್ ಎಲ್ಲ ಒಂದೇ ಮನೆಯವು. ಕಂಪನ ಉಳಿಸಿ ಜಾಗ ಬದಲಿಸಿದರೆ ಝಡ್: ಬಝ್, ಫಝ್, ಡಝ್. ತುಟಿಯಲ್ಲೇ ಉಳಿದು ಗಾಳಿಯನ್ನು ಮೂಗಿಗೆ ಬಿಟ್ಟರೆ ಕಮ್, ಸಮ್, ಡ್ರಮ್, ನಮ್. ತುಟಿ ಪೂರ್ತಿ ಮುಚ್ಚಿದರೆ ಅಪ್, ಕಪ್, ಕ್ಲಬ್, ರಬ್. ಪಾರಿವಾಳ, ಕೈಗವಸು ಬಿಟ್ಟು ಈಗ ರಕ್ತ, ಜಗಳ, ಡ್ರಮ್ಮು, ಕ್ಲಬ್ಬು ಎಲ್ಲ ಹಾಡಿನೊಳಗೆ ಬರಬಹುದು.

ಇವೆಲ್ಲ ಒಂದೇ ಬೆಲೆಯವೂ ಅಲ್ಲ. ಹಾಡುವಾಗ ಗೊತ್ತಾಗುತ್ತದೆ. ನಿಧಾನದ ಹಾಡಿನಲ್ಲಿ ‘ಲವ್’ ಅನ್ನು ಎಳೆದರೆ ಕೊನೆಯ ವಿ ಕೂಡ ಗುಂಯ್ ಅನ್ನುತ್ತಾ ಉಳಿಯುತ್ತದೆ. ಅದಕ್ಕೆ ಜೊತೆಯಾಗುವುದು ಎಳೆಯಲು ಬರುವ ಸದ್ದೇ: ಕಮ್, ಸನ್, ಬಝ್. ‘ಕಪ್’ ಹಾಕಿದರೆ ಬಾಗಿಲು ದಡಕ್ಕನೆ ಮುಚ್ಚಿದ ಹಾಗಾಗುತ್ತದೆ. ಅದೇ ರ‍್ಯಾಪ್ ಆದರೆ ಸ್ವರ ಚಿಕ್ಕದು, ತಾಳ ಚುರುಕು, ಕಪ್, ಬ್ಲಡ್, ಟಚ್ ಎಲ್ಲ ನಡೆಯುತ್ತದೆ. ‘ಇನಫ್’ ಎರಡು ಕಡೆಯೂ ಸಲ್ಲುತ್ತದೆ. ಅದಕ್ಕೇ ಇರಬೇಕು, ‘ಲವ್’ ಪಕ್ಕ ಅದು ಅಷ್ಟು ಸಲ ಕೇಳಿಸುವುದು. ಕಾಗದದ ಮೇಲೆ ಓದುವ ಪದ್ಯಕ್ಕೆ ಈ ಸಡಿಲಿಕೆ ನಾನು ಕೊಡುವುದಿಲ್ಲ. ಅಲ್ಲಿ ರಾಗದ ಸಹಾಯ ಇಲ್ಲ.

ಕನ್ನಡದ ಕಿವಿಗೆ ಇನ್ನೊಂದು ಬಾಗಿಲೂ ತೆರೆದಿದೆ. ನಮ್ಮ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಮೇಲಿನ ಸ್ವರ ಯಾವುದಾದರೂ ನಡೆಯುತ್ತದೆ. ಇಂಗ್ಲಿಷಿನ ಪಕ್ಕಾ ಪ್ರಾಸಕ್ಕೆ ಸ್ವರವೇ ಜೀವ. ನಾವು ವ್ಯಂಜನ ಹಿಡಿದು ಸ್ವರ ಬಿಡುತ್ತೇವೆ. ಆ ಕಿವಿಯಿಂದ ಕೇಳಿದರೆ ಲವ್, ಲಿವ್, ಲೀವ್, ಹ್ಯಾವ್, ಅಲೈವ್ ಎಲ್ಲ ಒಂದು ಸರದ ಮಣಿಗಳು. ಸಾಲಿನ ಕೊನೆಗೆ ಇದನ್ನೊಂದನ್ನೇ ನಂಬಿದರೆ ಪ್ರಾಸ ಸಡಿಲ ಅನಿಸುತ್ತದೆ. ಸಾಲಿನ ಒಳಗೆ, ನಡುನಡುವೆ ಬಿಟ್ಟರೆ ಬಹಳ ಚೆನ್ನ.

ಕನ್ನಡ ಬೆರೆಸಿದ ಚರಣಕ್ಕಂತೂ ಯಾವ ನಿಘಂಟೂ ಬೇಕಾಗಲಿಲ್ಲ. ನಮ್ಮ ಬಾಯಲ್ಲಿ ಅದು ‘ಲವ್ವು’. ಒಂದು ಉಕಾರ ಅಂಟಿದ್ದೇ ತಡ, ನೋವು, ಸಾವು, ಕಾವು, ಹೂವು, ಬೇವು, ನಾವು ನೀವು ಎಲ್ಲ ಸಾಲುಗಟ್ಟಿ ನಿಲ್ಲುತ್ತವೆ. ನಮ್ಮ ಸಿನಿಮಾ ಹಾಡಿನವರು ನೋವು, ಸಾವು ಎರಡನ್ನೂ ಚೆನ್ನಾಗಿ ಹಿಂಡಿದ್ದಾರೆ. ಬೇವು ಇನ್ನೂ ಅಷ್ಟು ಸವೆದಿಲ್ಲ.

ಇಂಗ್ಲಿಷ್ ಪಲ್ಲವಿಗೆ ಕೊನೆಗೆ ‘ಇನಫ್’ ಮತ್ತು ‘ಕಮ್’ ನಿಂತವು. ಹಾಡುವವನು ಈಗ ‘ಟೈಮ್’ಗೆ ಕೇಳುತ್ತಿದ್ದಾನೆ. ರೈಮ್, ಕ್ರೈಮ್, ಲೈಮ್, ಚೈಮ್, ಪ್ರೈಮ್, ಕ್ಲೈಮ್, ಪ್ಯಾರಡೈಮ್ ಅಂತ ಅಷ್ಟಿದೆ. ಅದಕ್ಕೆ ರೈಮ್‌ಝೋನ್ ತೆರೆದು ಫೋನನ್ನು ಅವನ ಕೈಗೇ ಕೊಟ್ಟೆ.