ದಲಾಲಿ ಅಂಗಡಿಗೆ ವೆಬ್ ಆಪ್ ಮಾಡಿಸೋರು ಮೊದಲು ಪಟ್ಟಿ ಪ್ರಿಂಟ್ ತೆಗೆಸಿ ನೋಡಿ

ದಾವಣಗೆರೆ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. 2022ರಲ್ಲಿ ನಮ್ಮ ಸಾಹುಕಾರರು ಬೆಂಗಳೂರಿನ ಒಂದು ತಂಡದಿಂದ ವೆಬ್ ಆಪ್ ಮಾಡಿಸಿದರು. ತಂಡದ ಹೆಸರು ಬೇಡ. ಅದೇ ಡೆಮೊ ಹಿಡ್ಕೊಂಡು ಈಗ ಹರಿಹರ, ರಾಣೆಬೆನ್ನೂರು ಕಡೆ ಅಡ್ಡಾಡ್ತಿದಾರಂತೆ, ಅದಕ್ಕೇ ಬರೀತಿದೀನಿ.

ಡೆಮೊ ಏನೋ ಚೆಂದ. ಧಾರಣೆಯ ಗ್ರಾಫು, ಹವಾಮಾನ, ರೈತರಿಗೆ ವಾಟ್ಸಾಪ್ ಬಾಟು, ಮುಂದಿನ ವಾರದ ರೇಟು ಹೇಳೋ ಎಐ (ಅದು ಗೊತ್ತಿದ್ದೋರು ಸಾಫ್ಟ್‌ವೇರ್ ಯಾಕೆ ಮಾರ್ತಾರೆ?). ನಮ್ಮ ಅಂಗಡಿ ನಡೆಯೋದು ಪಟ್ಟಿ ಮೇಲೆ, ಅಂದ್ರೆ ರೈತನಿಗೆ ಕೊಡೋ ಲೆಕ್ಕದ ಚೀಟಿ ಮೇಲೆ. ಮಾಲು ಬಂತು, ತೂಕ ಆಯ್ತು, ತೇವಾಂಶ ಶೇಕಡಾ 14 ದಾಟಿದ್ದರೆ ಕಡಿತ, ಹಮಾಲಿ, ರೈತ ಮೊದಲೇ ಒಯ್ದಿದ್ದ ಮುಂಗಡ, ಉಳಿದದ್ದು ಕೈಗೆ. ಇಷ್ಟೂ ಒಂದೇ ಚೀಟಿಯಲ್ಲಿ, ಟ್ರ್ಯಾಕ್ಟರ್ ಗೇಟು ದಾಟೋದ್ರೊಳಗೆ ಬರಬೇಕು. ಅವರ ಯೋಜನೆಯಲ್ಲಿ ಪಟ್ಟಿ ಇದ್ದದ್ದು ಎರಡನೇ ಹಂತದಲ್ಲಿ. ಕೇಳಿದ್ರೆ, "ಅದು ಸಿಂಪಲ್ ಸಾರ್, ಕೊನೆಗೆ ಮಾಡಿದ್ರಾಯ್ತು."

ಬಂದದ್ದು ಸೀಜನ್ ಕಾವೇರಿದ ಮೇಲೆ. ಮೊದಲ ಪ್ರಿಂಟಿನಲ್ಲೇ ಸಿದ್ದಪ್ಪ ಹೋಗಿ 'ಸಿದ್‌ದಪ್‌ಪ' ಆಗಿದ್ದ. ಪಿಡಿಎಫ್ ಮಾಡೋಕೆ ಅವರು ಹಾಕಿದ್ದ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಒತ್ತಕ್ಷರ ಕೂಡಿಸೋಕೇ ಬರಲ್ಲ. ಬ್ರೌಸರಿಗೆ ಬರುತ್ತೆ. ಸಾದಾ ಎಚ್‌ಟಿಎಂಎಲ್ ಪುಟ ಮಾಡಿ ಬ್ರೌಸರಿನಿಂದಲೇ ಪ್ರಿಂಟ್ ಕೊಟ್ಟಿದ್ರೆ ಮುಗೀತಿತ್ತು. ಹೇಳಿದ್ದಕ್ಕೆ "ಇಂಗ್ಲಿಷಲ್ಲೇ ಕೊಡಿ ಸಾರ್" ಅಂದ್ರು. ಜಗಳೂರಿನಿಂದ ಮಾಲು ತಂದ ರೈತನಿಗೆ ಇಂಗ್ಲಿಷ್ ಪಟ್ಟಿ!

ಲೆಕ್ಕದ ಕಥೆ ಇನ್ನೂ ಕೆಟ್ಟದ್ದು. ತೂಕ, ದುಡ್ಡು ಎರಡನ್ನೂ ಜಾವಾಸ್ಕ್ರಿಪ್ಟಿನ ಮಾಮೂಲಿ ನಂಬರಾಗೇ ಇಟ್ಟಿದ್ರು. ಅದರಲ್ಲಿ 0.1ಕ್ಕೆ 0.2 ಕೂಡಿಸಿದ್ರೆ 0.30000000000000004 ಬರುತ್ತೆ. ಒಂದು ಪಟ್ಟಿಯಲ್ಲಿ ಪೈಸೆ ಅಷ್ಟೇ, ಆದ್ರೆ ಸಂಜೆ ಗಲ್ಲಾಪೆಟ್ಟಿಗೆಗೂ ಖಾತೆಗೂ ತಾಳೆ ಬೀಳಲ್ಲ. ಪೈಸೆ, ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡೋದು ಹೊಸ ವಿದ್ಯೆ ಏನಲ್ಲ. ಡೇಟಾಬೇಸು ಮೊಂಗೊಡಿಬಿ. ಹಲವು ದಾಖಲೆಗಳನ್ನ 'ಬರೆದ್ರೆ ಎಲ್ಲಾ, ಇಲ್ಲಾಂದ್ರೆ ಯಾವುದೂ ಇಲ್ಲ' ಅನ್ನೋ ಹಾಗೆ ಬರೆಯೋ ಸೌಲಭ್ಯ ಅದರಲ್ಲಿ 2018ರ 4.0 ಆವೃತ್ತಿಯಿಂದ ಇದೆ, ಆದ್ರೆ ರೆಪ್ಲಿಕಾ ಸೆಟ್ (ಒಂದೇ ಡೇಟಾದ ಪ್ರತಿ ಇಟ್ಕೊಳ್ಳೋ ಸರ್ವರುಗಳ ಗುಂಪು) ಬೇಕು. ಇವರು ನಿಲ್ಲಿಸಿದ್ದು ಒಂಟಿ ಸರ್ವರು. ನಡುವೆ ಅದು ಬಿದ್ರೆ ರೈತನ ಖಾತೆಯಲ್ಲಿ ಮುಂಗಡ ಮುರಿದಿರುತ್ತೆ, ಪಟ್ಟಿ ಹುಟ್ಟೇ ಇರಲ್ಲ. ಆಮೇಲೆ ಬೈಸಿಕೊಳ್ಳೋದು ಕೌಂಟರಿನಲ್ಲಿ ಕೂತ ನಾನು.

ಪರದೆಗಳನ್ನ ಕಟ್ಟಿದ್ದು ವ್ಯೂ 2ರಲ್ಲಿ. ವ್ಯೂ ಅಂದ್ರೆ ವೆಬ್ ಪರದೆ ಕಟ್ಟೋಕೆ ಸಿಗೋ ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್. ವ್ಯೂ 3 ಬಂದದ್ದು 2020ರಲ್ಲಿ, 2022ರ ಫೆಬ್ರವರಿಗೆ ಅದೇ ಮುಖ್ಯ ಆವೃತ್ತಿ. ಹಳೇದು ಯಾಕೆ ಅಂದ್ರೆ, ಅವರ ಕೈಯಲ್ಲಿ ಹಳೇ ಟೆಂಪ್ಲೇಟು ರೆಡಿ ಇತ್ತು. 2023ರ ಡಿಸೆಂಬರ್ 31ಕ್ಕೆ ವ್ಯೂ 2ರ ಬೆಂಬಲ ನಿಂತಿತು. ಮೇಲ್ದರ್ಜೆಗೆ ಏರಿಸಿ ಅಂದಾಗ ಹೆಚ್ಚುಕಮ್ಮಿ ಹೊಸದು ಕಟ್ಟುವಷ್ಟೇ ಕೊಟೇಶನ್ ಬಂತು. ವ್ಯೂ ಮೇಲೆ ನನ್ನ ತಕರಾರಿಲ್ಲ. ನಮಗೆ ಬೇಕಿದ್ದದ್ದು ನಾಲ್ಕು ಫಾರ್ಮು, ಒಂದು ಪ್ರಿಂಟು. ಅದಕ್ಕೆ ಲಾರಾವೆಲ್ಲೋ ಜಾಂಗೋನೋ ಅನ್ನೋ ಫ್ರೇಮ್‌ವರ್ಕ್ ಧಾರಾಳ ಸಾಕು, ಹಿಂದೆ ಡೇಟಾಬೇಸಿಗೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್. ಕೆಟ್ರೆ ರಿಪೇರಿಗೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿ, ಯುಬಿಡಿಟಿಯಲ್ಲಿ ಓದಿದ ಹುಡುಗರು ಊರಲ್ಲೇ ಸಿಗ್ತಾರೆ. ಫ್ರೇಮ್‌ವರ್ಕ್ ಯಾವುದು ಅಂತ ಕೇಳೋ ಮುಂಚೆ, ನೀವು ಬಿಟ್ಟುಹೋದ್ರೆ ಇದನ್ನ ದಾವಣಗೆರೆಯಲ್ಲಿ ಯಾರು ನೋಡ್ತಾರೆ ಅಂತ ಕೇಳಿ.

ಡೆಮೊಗೆ ಕೂತಾಗ ಗ್ರಾಫ್ ತೆಗೆಯೋಕೆ ಬಿಡಬೇಡಿ. ಒತ್ತಕ್ಷರ ಇರೋ ಒಂದು ಹೆಸರು, ತೇವಾಂಶ 16, ಮುಂಗಡ ಒಂದಿಷ್ಟು. ಪಟ್ಟಿ ನಿಮ್ಮೆದುರೇ ಬರಲಿ. ಅರ್ಧದಲ್ಲಿ ಸರ್ವರ್ ನಿಲ್ಲಿಸಿ, ಖಾತೆ ಏನಾಗಿದೆ ತೋರಿಸಿ ಅನ್ನಿ.

ನಮ್ಮ ಡೊಮೇನು, ಸರ್ವರು, ಕೋಡು ಮೂರೂ ಇವತ್ತಿಗೂ ಅವರ ಖಾತೆಯಲ್ಲೇ ಇವೆ. ರೈತರ ಹಳೇ ಬಾಕಿ ವಿವರ ಕೊಡಿ ಅಂದ್ರೆ, ಮೊದಲು ನಿರ್ವಹಣೆ ಬಿಲ್ ಕಟ್ಟಿ ಅಂತಾರೆ. ಸಾಹುಕಾರರು ವಕೀಲರ ಹತ್ರ ಹೋಗಿದಾರೆ. ನೀವು ಮುಂಗಡದ ಚೆಕ್ ಬರೆಯೋ ಮುಂಚೆ ಆ ಮೂರೂ ಖಾತೆಗಳನ್ನ ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನಿಗೇ ಒಟಿಪಿ ಬರೋ ಹಾಗೆ ತೆರೆಸಿ. ಚೆಕ್ ಪಾಸಾದ ಮೇಲೆ ಕೇಳಿದ್ರೆ ಯಾರೂ ಕೊಡಲ್ಲ.