ಹುದಾ ಫಹ್ಮಿಯ ‘ಹುದಾ ಎಫ್ ಆರ್ ಯೂ?’: ಮಕ್ಕಳಿಗೂ ಕೊಡಿ, ನೀವೂ ಓದಿ

ಹಿಜಾಬ್ ಹಾಕುವ ಹುಡುಗಿಯ ಕಥೆ ಅಂದರೆ ಅಯ್ಯೋ ಪಾಪ ಅನ್ನಿಸುವ ಹಾಗೆ ಬರೆದಿರುತ್ತಾರೆ, ಇಲ್ಲದಿದ್ದರೆ ಬುದ್ಧಿ ಹೇಳಲು ಬರೆದಿರುತ್ತಾರೆ. ಹುದಾ ಫಹ್ಮಿ ಎರಡನ್ನೂ ಬಿಟ್ಟು ನಗಿಸುತ್ತಾರೆ. ನನಗೆ ಈ ಪುಸ್ತಕ ಹಿಡಿಸಿದ್ದೇ ಅದಕ್ಕೆ.

2021ರಲ್ಲಿ ಬಂದ ಇಂಗ್ಲಿಷ್ ಕಾಮಿಕ್ ಇದು. ಕಥೆ ನಡೆಯುವುದು ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ. ಫೋರ್ಡ್ ಕಾರ್ ಕಂಪನಿಯ ಊರು, ಅರಬ್ ಮೂಲದ ಕುಟುಂಬಗಳು ಬಹಳ. ಕಥೆಯ ಹುಡುಗಿಯ ಹೆಸರೂ ಹುದಾ. ಅವಳ ಮನೆಯವರು ಹೊಸದಾಗಿ ಅಲ್ಲಿಗೆ ಬರುತ್ತಾರೆ. ಹಳೇ ಊರಿನಲ್ಲಿ ಹಿಜಾಬ್ ಹುಡುಗಿ ಅಂದರೆ ಸಾಕು, ಅದು ಹುದಾನೇ. ಇಲ್ಲಿ ಸ್ಕೂಲಿಗೆ ಬಂದು ನೋಡಿದರೆ ಎಲ್ಲರ ತಲೆ ಮೇಲೂ ಹಿಜಾಬ್! ಆಟೋಟದಲ್ಲಿ ಮುಂದಿರುವವಳು, ಫ್ಯಾಷನ್ ಮಾಡುವವಳು, ವಿಡಿಯೋ ಗೇಮ್ ಆಡುವವಳು, ಧರ್ಮದ ವಿಷಯವೆಲ್ಲ ಗೊತ್ತಿರುವವಳು. ಈ ಗುಂಪಿಗೆ ಹೋಗುತ್ತಾಳೆ, ಹೊಂದುವುದಿಲ್ಲ. ಆ ಗುಂಪಿಗೆ ಹೋಗುತ್ತಾಳೆ, ಅಲ್ಲೂ ಆಗುವುದಿಲ್ಲ. ಹಾಗಾದರೆ ನಾನು ಯಾರು ಅನ್ನುವುದೇ ಅವಳ ಪೇಚಾಟ.

ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿ ಓದುತ್ತಿದ್ದಾಗ ತರಗತಿಗೆಲ್ಲ ಒಬ್ಬಳೇ ಮುಸ್ಲಿಂ ಹುಡುಗಿ. ಗೆಳತಿಯರ ಮನೆಗೆ ಹೋದರೆ ಅಜ್ಜಿಯರು ‘ಸಾಬ್ರ ಹುಡ್ಗಿ ಬಂದವ್ಳೆ, ಪಾಯ್ಸ ಕೊಡ್ರವ್ವಾ’ ಅನ್ನುತ್ತಿದ್ದರು. ಈಗ ಓದಲು ಮೈಸೂರಿಗೆ, ಉದಯಗಿರಿಯ ನಮ್ಮ ಮನೆಗೆ ಬಂದಿದ್ದಾಳೆ. ಇಲ್ಲಿ ಬೀದಿ ತುಂಬಾ ಅವಳಂಥವರೇ. ಮೊದಮೊದಲು ಸುಮ್ನೆ ಮೂಲೆಯಲ್ಲಿ ಕೂರುತ್ತಿದ್ದಳು. ಪುಸ್ತಕ ಅರ್ಧ ಓದಿ ‘ಖಾಲಾ, ಇದು ನಂದೇ ಕಥೆ’ ಅಂದಳು. ಆಮೇಲೆ ಮಂಡ್ಯದ ವಿಷಯ ಒಂದೊಂದಾಗಿ ಹೇಳತೊಡಗಿದಳು. ಅದುವರೆಗೆ ಅವಳು ಹೇಳಿರಲೇ ಇಲ್ಲ.

ಚಿತ್ರಗಳು ತುಂಬಾ ಸರಳ. ಕೂದಲು ಕಾಣುವುದಿಲ್ಲವಲ್ಲ, ಹಾಗಾಗಿ ಹುಬ್ಬು, ಕಣ್ಣು, ಬಾಯಿಯಲ್ಲೇ ಎಲ್ಲ ಹೇಳಬೇಕು. ನಾಲ್ಕು ಗೆರೆಯಲ್ಲಿ ನಾಚಿಕೆ, ಸಿಟ್ಟು, ಗಾಬರಿ ಮೂರನ್ನೂ ತರುತ್ತಾರೆ ಈಕೆ. ಮಕ್ಕಳ ಮಾತೂ ಎಲ್ಲೂ ದೊಡ್ಡವರು ಬರೆದುಕೊಟ್ಟ ಹಾಗಿಲ್ಲ. ಫಹ್ಮಿ ಡಿಯರ್‌ಬಾರ್ನ್‌ನಲ್ಲೇ ಬೆಳೆದು, ಎಂಟು ವರ್ಷ ಶಾಲಾ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದವರು. ನಿನ್ನ ಅನುಭವಗಳನ್ನು ಕಾಮಿಕ್ ಮಾಡು ಅಂತ ಹುರಿದುಂಬಿಸಿದ್ದು ಅವರ ಅಕ್ಕನಂತೆ.

ಅವರ ಮೊದಲ ಪುಸ್ತಕ ‘ಯೆಸ್, ಐ ಆ್ಯಮ್ ಹಾಟ್ ಇನ್ ದಿಸ್’ 2018ರದ್ದು. ಸೆಖೆ ಆಗಲ್ವಾ ಅಂತ ಸಿಕ್ಕಸಿಕ್ಕವರೆಲ್ಲ ಕೇಳುತ್ತಾರಲ್ಲ, ಹೆಸರೇ ಅದಕ್ಕೆ ಉತ್ತರ. ದೇವರಾಜ ಮಾರ್ಕೆಟ್ಟಿನಲ್ಲಿ ನಾನು ಹೂ ಕೊಳ್ಳುವ ಅಮ್ಮನೂ ಏಪ್ರಿಲ್ ಬಿಸಿಲಲ್ಲಿ ‘ಸೆಕೆ ಆಗಕಿಲ್ವೇನವ್ವಾ?’ ಅನ್ನುತ್ತಾರೆ. ‘ಆಗುತ್ತೆ ಅಮ್ಮ, ನಿಮಗೂ ಆಗಲ್ವಾ?’ ಅಂದರೆ ನಕ್ಕು, ಮಲ್ಲಿಗೆ ಮೊಳ ಹಾಕುವಾಗ ಕೈ ಸ್ವಲ್ಪ ಜಾಸ್ತಿಯೇ ಚಾಚುತ್ತಾರೆ. ಫಹ್ಮಿಗೆ ಅದೇ ಪ್ರಶ್ನೆ ಹೆಸರೂ ಗೊತ್ತಿಲ್ಲದವರಿಂದ ಬರುತ್ತದೆ. ಅದಕ್ಕೇ ಆ ಪುಸ್ತಕದ ನಗುವಿನಲ್ಲಿ ಖಾರ ಹೆಚ್ಚು. ಚಿಕ್ಕ ಚಿಕ್ಕ ಜೋಕುಗಳು, ಒಂದೇ ಸಲ ಓದಿದರೆ ಹೇಳಿದ್ದೇ ಹೇಳಿದಂತೆ ಅನ್ನಿಸುತ್ತದೆ. ದಿನಕ್ಕೆ ನಾಲ್ಕು ಪುಟ ಓದಿ.

2021ರದ್ದು ಒಂದೇ ಉದ್ದ ಕಥೆ, ಹಾಗಾಗಿ ಮನಸ್ಸಿಗೆ ಹತ್ತಿರ. ಒಂದೇ ಕೊರತೆ: ಗುಂಪಿನಿಂದ ಗುಂಪಿಗೆ ಹೋಗುವ ಭಾಗ ಬೇಗ ಬೇಗ ಮುಗಿಯುತ್ತದೆ. ಆ ಗೇಮ್ ಆಡುವ ಹುಡುಗಿಯರ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು.

2022ರಲ್ಲಿ ನಮ್ಮ ರಾಜ್ಯದಲ್ಲಿ ಹಿಜಾಬ್ ಅಂದರೆ ಕಾಲೇಜು ಗೇಟು, ಸರ್ಕಾರದ ಆದೇಶ, ಹೈಕೋರ್ಟ್ ತೀರ್ಪು, ಟಿವಿಯಲ್ಲಿ ಕೂಗಾಟ. ಪಿನ್ನು ಕಳೆದುಹೋಗುವುದು, ಮದುವೆ ಮನೆಗೆ ಹೊರಡುವಾಗ ಬಣ್ಣ ಹೊಂದದಿರುವುದು, ಇಯರ್‌ಫೋನ್ ವೈರು ಒಳಗೇ ಸಿಕ್ಕಿಕೊಳ್ಳುವುದು, ಇದೂ ನಮ್ಮ ದಿನವೇ ಅಲ್ವಾ? ಇದನ್ನೆಲ್ಲ ನಮ್ಮ ಹುಡುಗಿಯರು ಜೋರಾಗಿ ಹೇಳಿ ನಗುವುದನ್ನು ನಾನು ನೋಡಬೇಕು. ಮೈಸೂರಿನ ಹುಡುಗಿಯೊಬ್ಬಳು ಕನ್ನಡದಲ್ಲೇ ಇಂಥ ಕಾಮಿಕ್ ಬರೆದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಇಂಗ್ಲಿಷ್ ಕಷ್ಟವಿಲ್ಲ, ಎಂಟನೇ ತರಗತಿ ದಾಟಿದವರು ಓದಬಹುದು. ಹೊರದೇಶದ ಪುಸ್ತಕ, ಬೆಲೆ ಜಾಸ್ತಿ. ನಾಲ್ಕು ಮನೆಯವರು ಸೇರಿ ತರಿಸಿ. ಮೊದಲು ಇದನ್ನೇ ಓದಿ. ಆಮೇಲೆ 2023ರ ‘ಹುದಾ ಎಫ್ ಕೇರ್ಸ್?’. ಅದರಲ್ಲಿ ಅಕ್ಕತಂಗಿಯರೆಲ್ಲ ಡಿಸ್ನಿ ವರ್ಲ್ಡ್‌ಗೆ ಹೋಗಿ ಜಗಳ ಆಡುತ್ತಾರೆ. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಯಲ್ಲೂ ಇತ್ತು ಅದು.